ತಲಪಾಡಿ ದಾಟುವ ಬಿಲ್ಲು: ಓದುಗರ ತೆರಿಗೆ ಪ್ರಶ್ನೆಗಳು

ಈ ಸಲದ ಪತ್ರಗಳು ಹೆಚ್ಚಿನವು ಕೇರಳದ ಕಾಸರಗೋಡು ಕಡೆಯಿಂದ ಬಂದಿವೆ. ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಅಕ್ಕಲಕೋಟೆಗಳಿಂದ ಒಂದೊಂದು. 2026ರ ಏಪ್ರಿಲ್ 1ಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರಲಿದೆ. ಅಷ್ಟರೊಳಗೆ ಮಾಡಿ ಮುಗಿಸಬೇಕಾದ ಕೆಲಸಗಳೇ ಹೆಚ್ಚಿನ ಪ್ರಶ್ನೆಗಳಲ್ಲಿವೆ.

ಪ್ರಶ್ನೆ: ಹೊಸಂಗಡಿಯಲ್ಲಿ ನನ್ನದು ಫರ್ನಿಚರ್ ಅಂಗಡಿ. ವರ್ಷಕ್ಕೆ 28 ಲಕ್ಷದ ವಹಿವಾಟು. 40 ಲಕ್ಷ ದಾಟಿಲ್ಲವೆಂದು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ತಿಂಗಳಿಗೆ ಮೂರು ನಾಲ್ಕು ಸಲ ನಮ್ಮದೇ ಪಿಕಪ್‌ನಲ್ಲಿ ಮಂಗಳೂರಿನ ಮನೆಗಳಿಗೆ ಮಾಲು ಇಳಿಸಿ ಬರುತ್ತೇವೆ. ಇದರಲ್ಲಿ ತೊಂದರೆ ಉಂಟೇ?

ಉತ್ತರ: ಉಂಟು. 40 ಲಕ್ಷದ ಮಿತಿ ರಾಜ್ಯದೊಳಗೆ ಸರಕು ಮಾರುವವರಿಗೆ ಮಾತ್ರ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದವರು ಮೊದಲ ಬಿಲ್ಲಿನಿಂದಲೇ ನೋಂದಣಿ ಮಾಡಿಸಬೇಕೆಂದು ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ವಹಿವಾಟು 28 ಲಕ್ಷವೋ 28 ಸಾವಿರವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಹೊಸಂಗಡಿಯಿಂದ ತೊಕ್ಕೊಟ್ಟು ಅರ್ಧ ಗಂಟೆಯ ದಾರಿ, ಆದರೆ ಕಾನೂನಿಗೆ ಅದು ಹೊಸಂಗಡಿಯಿಂದ ದೆಹಲಿಯಷ್ಟೇ ದೂರ. 2017ರಲ್ಲಿ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವೆಂದು ಹಲವರು ಧೈರ್ಯದಿಂದಿದ್ದಾರೆ. ಹೋದದ್ದು ಗೇಟು ಮಾತ್ರ. ಗಸ್ತು ತಂಡ ಎಲ್ಲಿ ಬೇಕಾದರೂ ವಾಹನ ನಿಲ್ಲಿಸಬಹುದು, 50,000 ರೂ. ಮೀರಿದ ಮಾಲಿಗೆ ಇ-ವೇ ಬಿಲ್ (ಸಾಗಾಟದ ಆನ್‌ಲೈನ್ ಚೀಟಿ) ಕೇಳಬಹುದು.

ಮಂಗಳೂರಿನ ಗಿರಾಕಿ ನಿಮ್ಮ ಅಂಗಡಿಗೇ ಬಂದು, ಹಣ ಕೊಟ್ಟು, ತಾನೇ ಕುರ್ಚಿ ಒಯ್ದರೆ ಸಂಗತಿ ಬೇರೆ. 2023ರ ಅಕ್ಟೋಬರ್ 1ರಿಂದ ಬಂದ ನಿಯಮದಂತೆ, ನೋಂದಣಿ ಇಲ್ಲದ ಗಿರಾಕಿಗೆ ಮಾರಿದಾಗ ಬಿಲ್ಲಿನಲ್ಲಿ ಬರೆದ ವಿಳಾಸವೇ ಮಾರಾಟದ ಸ್ಥಳ. ವಿಳಾಸ ಬರೆಯದಿದ್ದರೆ ನಿಮ್ಮ ಅಂಗಡಿಯೇ ಸ್ಥಳ. ಬರೀ ರಾಜ್ಯದ ಹೆಸರು ಬರೆದರೂ ವಿಳಾಸ ಬರೆದ ಹಾಗೆಯೇ. ಅಂದರೆ ಬಿಲ್ಲಿನಲ್ಲಿ ಅಭ್ಯಾಸಬಲದಿಂದ ‘ಮಂಗಳೂರು, ಕರ್ನಾಟಕ’ ಎಂದು ಬರೆದಿರೋ, ಅದು ಅಂತರರಾಜ್ಯ ಮಾರಾಟ. ಗಡಿ ದಾಟಿತೋ ಇಲ್ಲವೋ ಎಂದು ತೀರ್ಮಾನಿಸುವುದು ಇಲ್ಲಿ ಸರಕಿಗಿಂತ ಹೆಚ್ಚಾಗಿ ಬಿಲ್ಲು.

ಪಿಕಪ್‌ನಲ್ಲಿ ಮನೆಗೇ ಇಳಿಸಿ, ಬಿಲ್ಲಿನಲ್ಲಿ ವಿಳಾಸ ಬಿಟ್ಟುಬಿಡುವ ಜಾಣತನ ಬೇಡ. ದಾರಿಯಲ್ಲಿ ಹಿಡಿದವರಿಗೆ ತೋರಿಸಲು ಏನೂ ಇರುವುದಿಲ್ಲ. ತೆರಿಗೆ ಬೀಳುವ ಮಾಲಿನ ಬೆಲೆ 50,000 ರೂ. ಮತ್ತು ಮೇಲಿದ್ದರೆ, ನೋಂದಾಯಿತ ವ್ಯಾಪಾರಿ ಬಿಲ್ಲಿನಲ್ಲಿ ಗಿರಾಕಿಯ ಹೆಸರು, ವಿಳಾಸ, ಮಾಲು ತಲಪುವ ಜಾಗ, ರಾಜ್ಯದ ಹೆಸರು ಮತ್ತು ಸಂಕೇತಸಂಖ್ಯೆ ಬರೆಯಲೇಬೇಕು.

ನೋಂದಣಿ ಮಾಡಿಸುವಾಗ ಕಾಂಪೊಸಿಷನ್ ಪದ್ಧತಿಯ ಕಡೆ ವಾಲಬೇಡಿ. ವಹಿವಾಟಿನ 1% ಕಟ್ಟಿದರೆ ಮುಗಿಯಿತು ಎಂಬುದು ಆಕರ್ಷಕವೇ. ಆದರೆ ಆ ಪದ್ಧತಿಯವರು ಹೊರರಾಜ್ಯದಿಂದ ಕೊಳ್ಳಬಹುದು, ಹೊರರಾಜ್ಯಕ್ಕೆ ಮಾರುವಂತಿಲ್ಲ. ನಿಮಗೆ ಹೊಂದುವುದು ಸಾಮಾನ್ಯ ನೋಂದಣಿ. ಕೇರಳದೊಳಗಿನ ಬಿಲ್ಲಿಗೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ತಲಪಾಡಿ ಗಡಿ ದಾಟುವ ಬಿಲ್ಲಿಗೆ ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ). ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ರಾಜ್ಯ ಬದಲಿಸಲು ಮರೆತು ಅದರ ತೆರಿಗೆ ಇದಕ್ಕೆ ಕಟ್ಟಿದರೆ ಗಾಬರಿ ಬೇಡ: ಸರಿಯಾದ ತೆರಿಗೆಯನ್ನು ಹೊಸದಾಗಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಎರಡು ವರ್ಷದೊಳಗೆ ಮರುಪಾವತಿಗೆ ಕೇಳಬಹುದು. ಆ ವ್ಯತ್ಯಾಸಕ್ಕೆ ಬಡ್ಡಿ ಬೀಳುವುದಿಲ್ಲ. ಹೊರರಾಜ್ಯದ ಮನೆಗಿರಾಕಿಗೆ ಕೊಟ್ಟ ಬಿಲ್ಲು 1 ಲಕ್ಷ ಮೀರಿದ್ದರೆ ಜಿಎಸ್‌ಟಿಆರ್-1ರಲ್ಲಿ (ಮಾರಾಟದ ವಿವರಪಟ್ಟಿ) ಬಿಲ್ಲುವಾರು ತೋರಿಸಬೇಕು. ಹಿಂದೆ ಈ ಮಿತಿ ಎರಡೂವರೆ ಲಕ್ಷವಿತ್ತು.

ಪ್ರಶ್ನೆ: ಮುಳ್ಳೇರಿಯದಲ್ಲಿ ಸ್ಟುಡಿಯೊ ಇಟ್ಟಿದ್ದೇನೆ. ಪುತ್ತೂರು, ಸುಳ್ಯ ಕಡೆ ಮದುವೆ ಫೋಟೊಗ್ರಫಿಗೆ ಹೋಗುತ್ತೇನೆ. ವರ್ಷಕ್ಕೆ 11 ಲಕ್ಷ ಆಗುತ್ತದೆ. ನನಗೂ ಮೊದಲ ಬಿಲ್ಲಿನಿಂದಲೇ ನೋಂದಣಿಯೇ?

ಉತ್ತರ: ಅಲ್ಲ. ನಿಮ್ಮದು ಸೇವೆ. ಸೇವೆ ಕೊಡುವವರು ಹೊರರಾಜ್ಯದಲ್ಲಿ ಕೆಲಸ ಮಾಡಿದರೂ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಆದರೆ ಅಂಗಡಿಯಲ್ಲಿ ಫೋಟೊ ಫ್ರೇಮು, ಆಲ್ಬಮ್ಮು ಬೇರೆಯಾಗಿ ಮಾರುತ್ತಿದ್ದರೆ ಅವುಗಳನ್ನು ಗಡಿಯಾಚೆ ಕಳುಹಿಸಬೇಡಿ. ಅದು ಸರಕು.

ಪ್ರಶ್ನೆ: ಉಪ್ಪಳದಲ್ಲಿ ಬಟ್ಟೆ ಅಂಗಡಿ, ಜಿಎಸ್‌ಟಿ ಸಾಮಾನ್ಯ ನೋಂದಣಿ ಇದೆ. ಅಂಗಡಿಕೋಣೆಯ ಬಾಡಿಗೆ ತಿಂಗಳಿಗೆ 18,000. ಮಾಲಿಕರು ಶಾರ್ಜಾದಲ್ಲಿದ್ದಾರೆ, ಬಾಡಿಗೆಯನ್ನು ಊರಲ್ಲಿರುವ ಅವರ ತಮ್ಮ ಬಂದು ಒಯ್ಯುತ್ತಾರೆ. ಅಂಗಡಿಯ ಹಿಂಬದಿಯ ಗೋದಾಮು ಬೇರೊಬ್ಬರದು, ಊರಿನವರೇ, ಅದಕ್ಕೆ 12,000. ಬಾಡಿಗೆಯ ಟಿಡಿಎಸ್ (ಕೊಡುವ ಹಣದಲ್ಲೇ ಹಿಡಿಯುವ ತೆರಿಗೆ) ಮಿತಿ ತಿಂಗಳಿಗೆ 50,000 ಆಗಿದೆಯೆಂದು ಕೇಳಿದೆ. ಹಾಗಾದರೆ ನನಗೇನೂ ಇಲ್ಲ ಅಲ್ಲವೇ?

ಉತ್ತರ: ಗೋದಾಮಿಗೆ ನೀವು ಹೇಳಿದ್ದು ಸರಿ. 2025ರ ಏಪ್ರಿಲ್‌ನಿಂದ ಬಾಡಿಗೆಯ ಮಿತಿ ವರ್ಷಕ್ಕೆ 2.4 ಲಕ್ಷದ ಬದಲು ತಿಂಗಳಿಗೆ 50,000 ಆಗಿದೆ. ಅಂಗಡಿಕೋಣೆಗೆ ಮಾತ್ರ ಅದು ಅನ್ವಯವಾಗುವುದಿಲ್ಲ. ಆ ಮಿತಿ ಇರುವುದು ಮಾಲಿಕ ತೆರಿಗೆಯ ಲೆಕ್ಕದಲ್ಲಿ ಭಾರತದ ನಿವಾಸಿಯಾಗಿದ್ದರೆ. ಅನಿವಾಸಿಗೆ ಕೊಡುವ ಬಾಡಿಗೆಗೆ 1961ರ ಆದಾಯ ತೆರಿಗೆ ಕಾಯ್ದೆಯ 195ನೇ ಸೆಕ್ಷನ್. ಅಲ್ಲಿ ಕೆಳಮಿತಿಯೇ ಇಲ್ಲ. ದರ 30%, ಸೆಸ್ ಸೇರಿ 31.2%. 18,000ದಲ್ಲಿ 5,616 ರೂ. ಹಿಡಿದು 12,384 ಕೊಡಬೇಕು. ಬಾಡಿಗೆಯನ್ನು ತಮ್ಮನ ಕೈಗೆ ಕೊಟ್ಟರೂ, ತಮ್ಮನ ಖಾತೆಗೆ ಹಾಕಿದರೂ ಆದಾಯ ಅಣ್ಣನದೇ. ಗಲ್ಫ್ ಹಣದಿಂದ ಎದ್ದ ಕಟ್ಟಡಗಳಲ್ಲಿ ವ್ಯಾಪಾರ ಮಾಡುವ ಎಷ್ಟೋ ಬಾಡಿಗೆದಾರರಿಗೆ ಇದು ನೋಟಿಸು ಬಂದ ಮೇಲೆಯೇ ಗೊತ್ತಾಗುವುದು.

ಮಾಡಬೇಕಾದ್ದು ಹೀಗೆ. ಮೊದಲು ನಿಮ್ಮ ಹೆಸರಿಗೆ ಟ್ಯಾನ್ (ಟಿಡಿಎಸ್ ಹಿಡಿಯುವವರ) ಸಂಖ್ಯೆ ಪಡೆಯಿರಿ. ಮಾಲಿಕರ ಪ್ಯಾನ್ ಕೇಳಿ ಇಟ್ಟುಕೊಳ್ಳಿ. ಹಿಡಿದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಿ; ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30ರ ತನಕ ಸಮಯವಿದೆ. ಮೂರು ತಿಂಗಳಿಗೊಮ್ಮೆ 27ಕ್ಯು ವಿವರಪಟ್ಟಿ ಸಲ್ಲಿಸಿ. ಇಲ್ಲಿಯೇ ಜನ ಎಡವುವುದು: ಊರಿನ ಮಾಲಿಕರಿಗೆ ಬಳಸುವ 26ಕ್ಯು ಹಾಕಿಬಿಡುತ್ತಾರೆ. ವಿವರಪಟ್ಟಿ ತಡವಾದರೆ ದಿನಕ್ಕೆ 200 ರೂ. ಶುಲ್ಕ.

ಇಷ್ಟು ಹಿಡಿದರೆ ಮಾಲಿಕರು ಸುಮ್ಮನಿರುತ್ತಾರೆಯೇ? ಇರುವುದಿಲ್ಲ. ಅವರ ಪಾಲಿಗೂ ನ್ಯಾಯವಿದೆ: ವರ್ಷದ 2,16,000 ಬಾಡಿಗೆಯಲ್ಲಿ 30% ದುರಸ್ತಿ ಕಡಿತ ಕಳೆದರೆ 1,51,200. ಭಾರತದಲ್ಲಿ ಬೇರೆ ಆದಾಯವಿಲ್ಲದಿದ್ದರೆ ಹೊಸ ಪದ್ಧತಿಯ 4 ಲಕ್ಷದ ಮಿತಿಯೊಳಗೇ ಬಂತು, ತೆರಿಗೆಯೇ ಇಲ್ಲ. ಇದಕ್ಕೆ ದಾರಿ ಎರಡು. ಅವರು 13ನೇ ನಮೂನೆಯಲ್ಲಿ ಅರ್ಜಿ ಹಾಕಿ ಕಡಿಮೆ ದರದ ಅಥವಾ ಶೂನ್ಯ ದರದ ಪ್ರಮಾಣಪತ್ರ ತರಬಹುದು, ಅದು ನಿಮ್ಮ ಕೈಸೇರಿದ ದಿನದಿಂದ ಅದರಲ್ಲಿ ಬರೆದಷ್ಟೇ ಹಿಡಿಯಿರಿ. ಇಲ್ಲವೇ ರಿಟರ್ನ್ ಹಾಕಿ ಮರುಪಾವತಿ ಪಡೆಯಬಹುದು. ಒಂದು ಮಾತು ಅವರಿಗೂ ತಲುಪಲಿ: 12 ಲಕ್ಷದ ತನಕ ತೆರಿಗೆ ಇಲ್ಲ ಎಂಬ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಅನಿವಾಸಿಗೆ 4 ಲಕ್ಷ ದಾಟಿದ ಕೂಡಲೇ 5% ಶುರು.

ಇಲ್ಲಿಯವರೆಗೆ ಹಿಡಿಯದೆ ಬಿಟ್ಟ ವರ್ಷಗಳಿಗೆ, ಮಾಲಿಕರು ಆ ಬಾಡಿಗೆಯನ್ನು ತೋರಿಸಿ ರಿಟರ್ನ್ ಹಾಕಿದ್ದರೆ, ಚಾರ್ಟರ್ಡ್ ಅಕೌಂಟೆಂಟ್ ಸಹಿಯ 26ಎ ನಮೂನೆ ಕೊಟ್ಟು ತೆರಿಗೆಯ ಹೊಣೆಯಿಂದ ಬಿಡಿಸಿಕೊಳ್ಳಬಹುದು. ತಿಂಗಳಿಗೆ 1% ಬಡ್ಡಿ ಮಾತ್ರ ತಪ್ಪುವುದಿಲ್ಲ.

ಗೋದಾಮಿಗೆ ಟಿಡಿಎಸ್ ಇಲ್ಲದಿದ್ದರೂ ಜಿಎಸ್‌ಟಿ ಇದೆ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದವರ ವಾಣಿಜ್ಯ ಕಟ್ಟಡವನ್ನು ನೋಂದಾಯಿತ ವ್ಯಾಪಾರಿ ಬಾಡಿಗೆಗೆ ಹಿಡಿದರೆ 18% ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. 12,000ಕ್ಕೆ 2,160 ರೂ. ಇದನ್ನು ಕ್ರೆಡಿಟ್‌ನಿಂದ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯ ಜಮೆಯಿಂದ) ಹೊಂದಿಸುವಂತಿಲ್ಲ, ನಗದು ಲೆಡ್ಜರಿನಿಂದಲೇ ಕಟ್ಟಬೇಕು. ಕಟ್ಟಿದ ಮೇಲೆ ಅದೇ ಮೊತ್ತವನ್ನು ಕ್ರೆಡಿಟ್ ಆಗಿ ಪಡೆಯಬಹುದು, ಆದ್ದರಿಂದ ನಿವ್ವಳ ಹೊರೆ ಇಲ್ಲ. 30 ದಿನದೊಳಗೆ ನಿಮ್ಮ ಹೆಸರಿಗೆ ನೀವೇ ಬಿಲ್ಲು ಬರೆದುಕೊಂಡಿರಬೇಕು. ಕಾಂಪೊಸಿಷನ್ ವ್ಯಾಪಾರಿಗಳನ್ನು 2025ರ ಜನವರಿ 16ರಿಂದ ಈ ನಿಯಮದಿಂದ ಹೊರಗಿಟ್ಟಿದ್ದಾರೆ.

ಪ್ರಶ್ನೆ: ನೀರ್ಚಾಲಿನ ಶಿಕ್ಷಕಿ ನಾನು. ಸಂಬಳ ವರ್ಷಕ್ಕೆ 11,75,000. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 11 ಲಕ್ಷ. 12 ಲಕ್ಷದೊಳಗೆ ಇರುವುದರಿಂದ ಶಾಲೆಯವರು ತೆರಿಗೆ ಹಿಡಿದಿಲ್ಲ. ಅಡಕೆ ತೋಟದಿಂದ ಖರ್ಚು ಕಳೆದು 3 ಲಕ್ಷ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಆದರೂ 15,600 ರೂ. ಕಟ್ಟಬೇಕೆಂದು ಆಡಿಟರ್ ಹೇಳುತ್ತಾರೆ. ಇದೆಲ್ಲಿಂದ ಬಂತು?

ಉತ್ತರ: ನಿಮ್ಮ ಆಡಿಟರ್ ಹೇಳಿದ್ದು ಸರಿ, ಇದನ್ನು ಗಮನಿಸಿದ ಅವರಿಗೆ ಶಭಾಸ್ ಅನ್ನಬೇಕು. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲ, ಆದರೆ ದರ ಎಷ್ಟೆಂದು ನಿಶ್ಚಯಿಸಲು ಅದನ್ನು ಸೇರಿಸುತ್ತಾರೆ. ಕೃಷಿ ಆದಾಯ 5,000 ಮೀರಿ, ಉಳಿದ ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿದ್ದರೆ ಈ ಲೆಕ್ಕ ಬರುತ್ತದೆ.

11 ಲಕ್ಷಕ್ಕೆ 3 ಲಕ್ಷ ಸೇರಿಸಿ 14 ಲಕ್ಷ. ಹೊಸ ಪದ್ಧತಿಯಲ್ಲಿ 4ರಿಂದ 8 ಲಕ್ಷಕ್ಕೆ 5% ಅಂದರೆ 20,000. 8ರಿಂದ 12ಕ್ಕೆ 10% ಅಂದರೆ 40,000. ಮೇಲಿನ 2 ಲಕ್ಷಕ್ಕೆ 15% ಅಂದರೆ 30,000. ಒಟ್ಟು 90,000. ಇದರಲ್ಲಿ 4 ಲಕ್ಷದ ಮಿತಿ ಮತ್ತು 3 ಲಕ್ಷ ಕೃಷಿ ಸೇರಿದ 7 ಲಕ್ಷದ ಮೇಲಿನ ತೆರಿಗೆ 15,000 ಕಳೆಯಬೇಕು. ಉಳಿದದ್ದು 75,000. ನಿಮ್ಮ ತೆರಿಗೆಯ ಆದಾಯ 11 ಲಕ್ಷವೇ ಆದ್ದರಿಂದ 12 ಲಕ್ಷದ ತನಕ ಸಿಗುವ 87ಎ ಸೆಕ್ಷನ್ನಿನ ರಿಯಾಯಿತಿ ಸಿಗುತ್ತದೆ, ಆದರೆ ಅದರ ಗರಿಷ್ಠ ಮೊತ್ತ 60,000. ಅದನ್ನು ಕಳೆದರೆ 15,000, 4% ಸೆಸ್ ಸೇರಿ 15,600.

ತೋಟವಿಲ್ಲದವರಿಗೆ 12 ಲಕ್ಷಕ್ಕೆ ತೆರಿಗೆ ಸರಿಯಾಗಿ 60,000 ಆಗುತ್ತದೆ, ರಿಯಾಯಿತಿಯೂ ಅಷ್ಟೇ, ಸೊನ್ನೆ. ಹಾಗಾಗಿ ‘12 ಲಕ್ಷಕ್ಕೆ ಸೊನ್ನೆ’ ಎಂಬ ಮಾತು ಪ್ರಚಾರವಾಯಿತು. ಅಡಕೆ ಬೆಳೆಯುವ ಊರುಗಳ ಸಂಬಳದಾರರಿಗೆ ಅದು ಪೂರ್ತಿ ನಿಜವಲ್ಲ.

ಬಾಕಿ ತೆರಿಗೆ 10,000 ಮೀರಿರುವುದರಿಂದ ಅದು ಮುಂಗಡ ತೆರಿಗೆ. ಮಾರ್ಚ್ 15ರೊಳಗೆ ಕಟ್ಟಿದರೆ ಬಡ್ಡಿ ಸ್ವಲ್ಪದರಲ್ಲಿ ನಿಲ್ಲುತ್ತದೆ. ಕೃಷಿ ಆದಾಯ 5,000 ಮೀರಿದವರಿಗೆ ಐಟಿಆರ್-1 ಆಗುವುದಿಲ್ಲ, ಐಟಿಆರ್-2 ತೆಗೆಯಿರಿ. 5 ಲಕ್ಷ ಮೀರಿದ್ದರೆ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತವೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಂದೂ ತುಂಬಬೇಕು. ಭೂತೆರಿಗೆ ರಸೀದಿ, ಅಡಕೆ ಮಾರಿದ ಚೀಟಿ, ಕೊಯ್ಲು ಮತ್ತು ಮದ್ದು ಬಿಡುವ ಕೂಲಿಯ ಲೆಕ್ಕ ಇವನ್ನು ತೆಗೆದಿಡಿ.

ಪ್ರಶ್ನೆ: ಪೆರ್ಲದ ಕೃಷಿಕ. ಆರು ಕ್ವಿಂಟಾಲ್ ಚಾಲಿ ಅಡಕೆಯನ್ನು ಕಿಲೋಗೆ 450ರಂತೆ ಖಾಸಗಿ ವ್ಯಾಪಾರಿಗೆ ಕೊಟ್ಟೆ. 2,70,000 ಆಯಿತು. ದಿನಕ್ಕೆ 90,000ದಂತೆ ಮೂರು ದಿನ ನಗದು ಕೊಟ್ಟರು. ರೈತನಿಗೆ ನಗದು ಮಿತಿ ಇಲ್ಲವೆಂದು ಅವರು ಹೇಳಿದ್ದು ಸರಿಯೇ?

ಉತ್ತರ: ಅರ್ಧ ಸರಿ, ಅದೂ ಅವರ ಅರ್ಧ. ವ್ಯಾಪಾರಿಯೊಬ್ಬ ಒಬ್ಬರಿಗೆ ದಿನಕ್ಕೆ 10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯದಿಂದ ಕಳೆಯಲು ಬಿಡುವುದಿಲ್ಲ. ಬೆಳೆಗಾರನಿಗೇ ನೇರ ಕೊಟ್ಟ ಹಣಕ್ಕೆ ಇದರಿಂದ ವಿನಾಯಿತಿ ಇದೆ. ಇನ್ನೊಬ್ಬ ವ್ಯಾಪಾರಿಯಿಂದ ಅಡಕೆ ಕೊಂಡರೆ ಆ ವಿನಾಯಿತಿ ಇಲ್ಲ.

ನಿಮ್ಮ ಬದಿಯ ನಿಯಮ ಬೇರೆ: ಆದಾಯ ತೆರಿಗೆಯ 269ಎಸ್‌ಟಿ ಸೆಕ್ಷನ್. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಒಂದೇ ದಿನದಲ್ಲೂ ಇಲ್ಲ, ಒಂದೇ ವ್ಯವಹಾರಕ್ಕೆ ಹಲವು ದಿನ ಹಂಚಿಯೂ ಇಲ್ಲ. ಬಿಲ್ಲು ಒಂದೇ ಆದ್ದರಿಂದ 90,000ದ ಮೂರು ಕಂತು ಕೂಡಿ 2,70,000 ಆಗುತ್ತದೆ. ದಂಡ ಪಡೆದವನಿಗೆ, ಪಡೆದಷ್ಟೇ ಮೊತ್ತ. ಮುಂದಿನ ಲೋಡಿಗೆ ಹಣವನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಿ, ಅಥವಾ ನಗದಿನ ಪಾಲು 2 ಲಕ್ಷಕ್ಕಿಂತ ಕೆಳಗಿರಲಿ.

ಅಡಕೆಯನ್ನು ಒಣಗಿಸಿ ಸುಲಿದರೂ ಅದು ಕೃಷಿ ಆದಾಯವೇ, ಏಕೆಂದರೆ ಮಾರುಕಟ್ಟೆಗೆ ಒಯ್ಯಲು ಅಷ್ಟು ಮಾಡಲೇಬೇಕು. ರಬ್ಬರ್ ಶೀಟಿಗೂ ಹಾಗೆಯೇ. ಸ್ವಂತ ಬೆಳೆ ಮಾರುವ ಕೃಷಿಕನಿಗೆ ಜಿಎಸ್‌ಟಿ ನೋಂದಣಿಯೂ ಬೇಡ. ಆದರೆ ನೆರೆಕರೆಯವರ ಅಡಕೆಯನ್ನೂ ಕೊಂಡು ಸೇರಿಸಿ ಮಾರಿದಿರೆಂದರೆ ಆ ಪಾಲು ವ್ಯಾಪಾರ, ಕೃಷಿಯಲ್ಲ.

ಪ್ರಶ್ನೆ: ಬದಿಯಡ್ಕದಲ್ಲಿ ಅಣ್ಣತಮ್ಮಂದಿರು ಮೂವರು ಸೇರಿ ಅಡಕೆ, ಕಾಳುಮೆಣಸಿನ ವ್ಯಾಪಾರದ ಪಾಲುದಾರಿಕೆ ನಡೆಸುತ್ತೇವೆ. ಪತ್ರದ ಪ್ರಕಾರ ಒಬ್ಬೊಬ್ಬರಿಗೆ ತಿಂಗಳಿಗೆ 15,000 ಸಂಬಳ, 4 ಲಕ್ಷ ಬಂಡವಾಳಕ್ಕೆ 12% ಬಡ್ಡಿ. ನಮ್ಮ ದುಡ್ಡನ್ನು ನಾವೇ ತೆಗೆದುಕೊಳ್ಳಲಿಕ್ಕೂ ಟಿಡಿಎಸ್ ಹಿಡಿಯಬೇಕಂತೆ?

ಉತ್ತರ: ಹೌದು, 2025ರ ಏಪ್ರಿಲ್ 1ರಿಂದ. 194ಟಿ ಸೆಕ್ಷನ್ ಹೊಸದು. ಪಾಲುದಾರನಿಗೆ ಸಂಬಳ, ಬೋನಸ್, ಕಮಿಷನ್, ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 20,000 ಮೀರಿದರೆ ಸಂಸ್ಥೆ 10% ಹಿಡಿಯಬೇಕು. ವಹಿವಾಟು ಚಿಕ್ಕದೆಂಬ ರಿಯಾಯಿತಿ ಇದಕ್ಕಿಲ್ಲ. ಲಾಭದ ಪಾಲಿಗೆ, ಬಂಡವಾಳದಿಂದ ತೆಗೆದ ಹಣಕ್ಕೆ ಇದು ಅನ್ವಯಿಸದು.

ನಿಮ್ಮ ಲೆಕ್ಕ: ಸಂಬಳ 1,80,000, ಬಡ್ಡಿ 48,000, ಕೂಡಿ 2,28,000. ತಲಾ 22,800 ರೂ. ಟಿಡಿಎಸ್. ಪಾಲುದಾರನ ಖಾತೆಗೆ ಜಮೆ ಬರೆದ ದಿನ ಅಥವಾ ಕೊಟ್ಟ ದಿನ, ಯಾವುದು ಮೊದಲೋ ಅಂದು ಹಿಡಿಯಬೇಕು. ಮಾರ್ಚ್ 31ಕ್ಕೆ ಒಂದೇ ಬಾರಿ ಜಮಾಖರ್ಚು ಬರೆಯುವ ರೂಢಿ ನಮ್ಮಲ್ಲಿದೆ. ವರ್ಷವಿಡೀ ತಿಂಗಳು ತಿಂಗಳು ‘ಸಂಬಳ’ ಎಂದೇ ಹಣ ತೆಗೆದು ಕೊನೆಗೆ ಒಂದೇ ದಿನ ತೆರಿಗೆ ಹಿಡಿದರೆ, ನಡುವಿನ ತಿಂಗಳುಗಳಿಗೆ 1% ಬಡ್ಡಿ ಕೇಳುತ್ತಾರೆ. ಹಿಡಿಯದೇ ಬಿಟ್ಟರೆ ಆ ಖರ್ಚಿನ 30% ತಳ್ಳಿಹಾಕುತ್ತಾರೆ: 6,84,000ದಲ್ಲಿ 2,05,200. ಸಂಸ್ಥೆಗೆ ಸ್ಲ್ಯಾಬ್ ಇಲ್ಲದ್ದರಿಂದ ಅದಕ್ಕೆ ಸುಮಾರು 64,000 ರೂ. ಹೆಚ್ಚು ತೆರಿಗೆ.

15ಜಿ (ತೆರಿಗೆ ಬೀಳುವಷ್ಟು ಆದಾಯವಿಲ್ಲವೆಂಬ ಘೋಷಣೆ) ಕೊಟ್ಟು ತಪ್ಪಿಸಿಕೊಳ್ಳಲು ಇಲ್ಲಿ ಅವಕಾಶವಿಲ್ಲ. ಒಟ್ಟು ಆದಾಯಕ್ಕೆ ತೆರಿಗೆ ಬಾರದ ಪಾಲುದಾರ ರಿಟರ್ನ್ ಹಾಕಿ 22,800 ವಾಪಸು ಪಡೆಯಬೇಕು. ಸಂಸ್ಥೆಗೆ ಟ್ಯಾನ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ.

ಪ್ರಶ್ನೆ: ಕುಂಬಳೆಯಲ್ಲಿ ಸ್ಟೇಶನರಿ ಅಂಗಡಿ. ನೋಟ್‌ಬುಕ್ಕಿಗೆ ತೆರಿಗೆ ಹೋಯಿತು ಎಂದು ಖುಷಿಪಟ್ಟೆವು. ಈಗ ಹಳೆ ದಾಸ್ತಾನಿನ ಕ್ರೆಡಿಟ್ ವಾಪಸು ಕಟ್ಟಬೇಕೆನ್ನುತ್ತಾರೆ.

ಉತ್ತರ: 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ಶಾರ್ಪನರ್, ರಬ್ಬರುಗಳಿಗೆ ತೆರಿಗೆ ಶೂನ್ಯ. ಪೆನ್ನಿಗೆ 18% ಇದ್ದ ಹಾಗೆಯೇ ಇದೆ. ದರ 18ರಿಂದ 5ಕ್ಕೆ ಇಳಿದ ಸಾಮಾನಿಗೆ ಹಳೆ ಕ್ರೆಡಿಟ್ ನಿಮ್ಮಲ್ಲೇ ಉಳಿಯುತ್ತದೆ. ಶೂನ್ಯಕ್ಕೆ ಇಳಿದ ಸಾಮಾನಿಗೆ ಉಳಿಯುವುದಿಲ್ಲ. ಸೆಪ್ಟೆಂಬರ್ 21ರ ರಾತ್ರಿ ಕಪಾಟಿನಲ್ಲಿ 1,50,000 ರೂ. ಬೆಲೆಯ ನೋಟ್‌ಬುಕ್ 12% ತೆರಿಗೆ ಕೊಟ್ಟು ತಂದದ್ದು ಇದ್ದರೆ 18,000 ಹಿಂತಿರುಗಿಸಬೇಕು; ಐಟಿಸಿ-03 ನಮೂನೆಯಲ್ಲಿ ತೋರಿಸಿ. ಆ ದಿನದ ದಾಸ್ತಾನು ಪಟ್ಟಿ ಇಲ್ಲದಿದ್ದರೆ ಖರೀದಿ ಬಿಲ್ಲುಗಳಿಂದ ಮಾರಾಟ ಕಳೆದು ಈಗಲೇ ತಯಾರಿಸಿ.

ಇನ್ನು ಮುಂದೆ ನಿಮ್ಮದು ತೆರಿಗೆ ಇರುವ, ಇಲ್ಲದ ಎರಡೂ ಮಾಲಿನ ಅಂಗಡಿ. ಬಾಡಿಗೆ, ಫೋನು, ಕಂಪ್ಯೂಟರಿನಂಥ ಸಾಮಾನ್ಯ ಖರ್ಚಿನ ಕ್ರೆಡಿಟ್ ಪೂರ್ತಿ ಸಿಗದು. ಮಾರಾಟದಲ್ಲಿ ಶೂನ್ಯ ತೆರಿಗೆಯ ಪಾಲೆಷ್ಟೋ ಅಷ್ಟನ್ನು ಪ್ರತಿ ತಿಂಗಳು ಬಿಡಬೇಕು. ಮೇ, ಜೂನ್‌ನಲ್ಲಿ ಆ ಪಾಲು ಏರುತ್ತದೆ.

ಪ್ರಶ್ನೆ: ತಾಳವಾಡಿಯಿಂದ. ಅಮ್ಮನಿಗೆ 68. ಬ್ಯಾಂಕ್ ಠೇವಣಿಯಿಂದ 1,40,000 ಬಡ್ಡಿ, ಬೇರೆ ಆದಾಯವಿಲ್ಲ. ಬ್ಯಾಂಕಿನವರು ಟಿಡಿಎಸ್ ಹಿಡಿದರು.

ಉತ್ತರ: ಹಿರಿಯರಿಗೆ ಮಿತಿ ಈಗ ವರ್ಷಕ್ಕೆ 1 ಲಕ್ಷ, ಉಳಿದವರಿಗೆ 50,000. ಅದನ್ನು ಮೀರಿದ್ದರಿಂದ ಹಿಡಿದಿದ್ದಾರೆ. ಏಪ್ರಿಲ್ ಮೊದಲ ವಾರದಲ್ಲೇ 15ಎಚ್ (ತೆರಿಗೆ ಬೀಳುವುದಿಲ್ಲವೆಂಬ ಹಿರಿಯರ ಘೋಷಣೆ) ಕೊಟ್ಟಿದ್ದರೆ ಹಿಡಿಯುತ್ತಿರಲಿಲ್ಲ. ಹಿಡಿದದ್ದು ರಿಟರ್ನ್ ಹಾಕಿದರೆ ಬರುತ್ತದೆ. 60 ದಾಟದವರು ಬಳಸುವ 15ಜಿಗೆ ಇನ್ನೊಂದು ಷರತ್ತಿದೆ: ಬಡ್ಡಿಯ ಒಟ್ಟು ಮೊತ್ತ ಮೂಲ ವಿನಾಯಿತಿ ಮಿತಿಯನ್ನು ದಾಟಿರಬಾರದು.

ಪ್ರಶ್ನೆ: ಮಂಜೇಶ್ವರದಲ್ಲಿ ಬೇಕರಿ, ತೊಕ್ಕೊಟ್ಟಿನಲ್ಲಿ ಶಾಖೆ. ಎರಡೂ ಕಡೆ ಕೆಲಸದವರಿಗೆ 18,000 ಸಂಬಳ. ಪಂಚಾಯತಿನಿಂದ ಮಲಯಾಳದಲ್ಲಿ ‘ತೊಳಿಲ್ ನಿಕುತಿ’ಯ ನೋಟಿಸು ಬಂದಿದೆ. ಕಳೆದ ಬಾರಿಗಿಂತ ಜಾಸ್ತಿ ಇದೆ. ತೊಕ್ಕೊಟ್ಟಿನಲ್ಲಿ ಯಾರೂ ಕೇಳಿಲ್ಲ.

ಉತ್ತರ: ಅದು ವೃತ್ತಿ ತೆರಿಗೆ. ಕೇರಳದಲ್ಲಿ ಪಂಚಾಯತು, ನಗರಸಭೆಗಳು ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತವೆ. ಕರ್ನಾಟಕದಲ್ಲಿ ರಾಜ್ಯ ಸರಕಾರ ತಿಂಗಳ ಲೆಕ್ಕದಲ್ಲಿ. ಕೇರಳ 2024ರ ಅಕ್ಟೋಬರ್ 1ರಿಂದ ದರ ಏರಿಸಿತು. ಅರ್ಧವರ್ಷದ ಆದಾಯ 12,000ದಿಂದ 17,999ಕ್ಕೆ 320 ರೂ., 29,999ರ ತನಕ 450, 44,999ರ ತನಕ 600, 99,999ರ ತನಕ 750, 1,24,999ರ ತನಕ 1,000, ಅದರ ಮೇಲೆ 1,250.

ನಿಮ್ಮ ಮಂಜೇಶ್ವರದ ಕೆಲಸಗಾರನಿಗೆ ಆರು ತಿಂಗಳಿಗೆ 1,08,000 ಆಗುವುದರಿಂದ 1,000, ವರ್ಷಕ್ಕೆ 2,000. ತೊಕ್ಕೊಟ್ಟಿನವನಿಗೆ ಸೊನ್ನೆ, ಏಕೆಂದರೆ ಕರ್ನಾಟಕದಲ್ಲಿ ತಿಂಗಳಿಗೆ 25,000ದಿಂದ ಶುರು: ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಒಂದೇ ಒಲೆಯ ಬನ್ನು, ಎರಡು ಲೆಕ್ಕ. ಸಂವಿಧಾನದ 276ನೇ ವಿಧಿಯಂತೆ ಯಾರಿಗೂ ವರ್ಷಕ್ಕೆ 2,500 ಮೀರುವಂತಿಲ್ಲ.

ಮಂಜೇಶ್ವರದಲ್ಲಿ ಆಗಸ್ಟ್ ಮತ್ತು ಫೆಬ್ರವರಿ ಸಂಬಳದಿಂದ ಹಿಡಿದು ಪಂಚಾಯತಿಗೆ ಕಟ್ಟಿ, ಹೆಸರುಪಟ್ಟಿಗೆ ರಸೀದಿ ಪಡೆಯಿರಿ. ಕೆಲಸದವರನ್ನು ಅತ್ತಿತ್ತ ಬದಲಿಸುವಾಗ ದಿನಾಂಕ ಬರೆದಿಡಿ, ಇಲ್ಲದಿದ್ದರೆ ಇಬ್ಬರೂ ಕೇಳುತ್ತಾರೆ. ವೃತ್ತಿ ತೆರಿಗೆಯನ್ನು ಸಂಬಳದ ಆದಾಯದಿಂದ ಕಳೆಯುವ ಸೌಲಭ್ಯ ಹಳೆ ಪದ್ಧತಿಯವರಿಗೆ ಮಾತ್ರ.

ಪ್ರಶ್ನೆ: ಕುಂಬಳೆ ಹತ್ತಿರ ಹೊಲಿಗೆ ಘಟಕ. 12 ಮಂದಿಗೆ 14,000ದಂತೆ ಸಂಬಳ. ಇಎಸ್‌ಐ (ನೌಕರರ ವಿಮೆ) ಒಂದೆರಡು ದಿನ ತಡವಾಗಿ ಕಟ್ಟಿದ್ದಕ್ಕೆ ಆದಾಯ ತೆರಿಗೆಯಲ್ಲೂ ಪೆಟ್ಟು ಬಿತ್ತು. ಬಡ್ಡಿ ಕಟ್ಟಿದ ಮೇಲೂ ಇದು ಯಾಕೆ?

ಉತ್ತರ: ತಿಂಗಳ ಒಟ್ಟು ಸಂಬಳ 1,68,000. ಕೆಲಸದವರ ಪಾಲು 0.75%, 1,260 ರೂ. ನಿಮ್ಮ ಪಾಲು 3.25%, 5,460. ಎರಡನ್ನೂ ಒಂದೇ ಚಲನಿನಲ್ಲಿ ಮರುತಿಂಗಳ 15ರೊಳಗೆ ಕಟ್ಟುತ್ತೀರಿ, ಆದರೆ ಆದಾಯ ತೆರಿಗೆ ಇವನ್ನು ಬೇರೆ ಬೇರೆಯಾಗಿ ನೋಡುತ್ತದೆ. ನಿಮ್ಮ ಪಾಲನ್ನು ರಿಟರ್ನ್ ಹಾಕುವ ಕೊನೆ ದಿನದೊಳಗೆ ಕಟ್ಟಿದರೂ ಖರ್ಚೆಂದು ಒಪ್ಪುತ್ತಾರೆ. ಕೆಲಸದವರ ಪಾಲು ಅವರ ಹಣ, ನಿಮ್ಮ ಕೈಯಲ್ಲಿ ಇದ್ದದ್ದು ಅಷ್ಟೇ. 2025-26ರ ತನಕದ ಲೆಕ್ಕದಲ್ಲಿ ಅದು 15 ದಾಟಿ 16 ಆದರೆ ನಿಮ್ಮ ಆದಾಯವಾಗುತ್ತದೆ, ಮುಂದೆ ಯಾವ ವರ್ಷವೂ ಕಳೆಯಲು ಸಿಗದು. ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಪಿಎಫ್‌ಗೂ ಇದೇ ನಿಯಮ. ಕೊನೆಯ ಎರಡು ದಿನ ಜಾಲತಾಣ ಕೈಕೊಡುವುದು ಹೊಸತಲ್ಲ. 10ರೊಳಗೆ ಕಟ್ಟುವ ಅಭ್ಯಾಸ ಇಟ್ಟುಕೊಳ್ಳಿ.

ಕೊಡುಬಾಕಿಗಳನ್ನೂ ಈಗಲೇ ನೋಡಿ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಂದ ಗುಂಡಿ, ಝಿಪ್ಪು, ಪ್ಯಾಕಿಂಗ್ ಕವರು ಕೊಂಡಿದ್ದರೆ 15 ದಿನದಲ್ಲಿ, ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನದಲ್ಲಿ ಹಣ ಕೊಡಬೇಕು. ಒಪ್ಪಂದವಿಲ್ಲದೆ ಫೆಬ್ರವರಿ 20ರಂದು ಬಂದ ಮಾಲಿಗೆ ಏಪ್ರಿಲ್ 5ರಂದು ಹಣ ಕೊಟ್ಟರೆ ಆ ಖರ್ಚು ಈ ವರ್ಷಕ್ಕೆ ಇಲ್ಲ, ಮುಂದಿನ ವರ್ಷಕ್ಕೆ. ಮಾರ್ಚ್ 25ರ ಮಾಲಿಗೆ ಏಪ್ರಿಲ್ 8ರಂದು ಕೊಟ್ಟರೆ ಗಡುವಿನೊಳಗೆ ಬಂತು, ಈ ವರ್ಷಕ್ಕೇ ಸಲ್ಲುತ್ತದೆ. ಸಗಟು ವ್ಯಾಪಾರಿಯಿಂದ ಕೊಂಡದ್ದಕ್ಕೆ ಈ ನಿಯಮವಿಲ್ಲ.

ಪ್ರಶ್ನೆ: ಅಕ್ಕಲಕೋಟೆಯ ಚಿಕ್ಕ ಕಾರ್ಖಾನೆಯ ಲೆಕ್ಕಪತ್ರ ನನ್ನ ಹೊಣೆ. ಒಬ್ಬ ಎಂಜಿನಿಯರ್‌ಗೆ 13 ಲಕ್ಷ ಸಂಬಳ. 75,000 ಕಳೆದರೆ 12,25,000. ಇಡೀ 63,750 ಹಿಡಿಯಬೇಕೇ?

ಉತ್ತರ: ಬೇಡ. 12 ಲಕ್ಷಕ್ಕಿಂತ ಮೇಲೆ ಬಂದ ಹಣಕ್ಕಿಂತ ತೆರಿಗೆ ಹೆಚ್ಚಾಗಬಾರದೆಂಬ ರಿಯಾಯಿತಿ ಇದೆ. ಮೇಲಿನ ಹಣ 25,000, ಆದ್ದರಿಂದ ತೆರಿಗೆಯೂ 25,000. ಸೆಸ್ ಸೇರಿ 26,000. ಇದೇ 13 ಲಕ್ಷದೊಳಗೇ 25,000ವನ್ನು ಮಾಲಿಕರ ಎನ್‌ಪಿಎಸ್ (ಪಿಂಚಣಿ ಯೋಜನೆ) ವಂತಿಗೆಯಾಗಿ ಬದಲಿಸಿದರೆ ಆದಾಯ ಸರಿಯಾಗಿ 12 ಲಕ್ಷಕ್ಕೆ ನಿಲ್ಲುತ್ತದೆ, ತೆರಿಗೆ ಸೊನ್ನೆ. ಹೊಸ ಪದ್ಧತಿಯಲ್ಲೂ ಮೂಲ ವೇತನದ 14% ತನಕ ಇದಕ್ಕೆ ಅವಕಾಶವಿದೆ. ನೌಕರ ತಾನೇ ಕಟ್ಟಿದ ಎನ್‌ಪಿಎಸ್‌ಗೆ ಈ ಪ್ರಯೋಜನ ಇಲ್ಲ, ಆದ್ದರಿಂದ ಸಂಬಳದ ಆದೇಶದಲ್ಲೇ ಬದಲಿಸಿ.

ಪ್ರಶ್ನೆ: ಹೊಸ ಕಾಯ್ದೆ ಬಂದರೆ ಪ್ಯಾನ್, ಟ್ಯಾನ್ ಹೊಸದಾಗಿ ಮಾಡಿಸಬೇಕೇ? (ಮಂಜೇಶ್ವರ, ವರ್ಕಾಡಿಗಳಿಂದ ಹಲವರು)

ಉತ್ತರ: ಬೇಡ. ಹಳೆಯವೇ ನಡೆಯುತ್ತವೆ. 1961ರ ಕಾಯ್ದೆಯ ಬದಲಿಗೆ ಬರುವ 2025ರ ಕಾಯ್ದೆಯಲ್ಲಿ 536 ಸೆಕ್ಷನ್‌ಗಳಿವೆ, ಸ್ಲ್ಯಾಬುಗಳು ಇದ್ದಂತೆಯೇ ಇವೆ. ಬದಲಾಗುವುದು ಸಂಖ್ಯೆ. ಸಂಬಳದ ಟಿಡಿಎಸ್ 392ರಲ್ಲಿ, ಬಾಡಿಗೆ, ಬಡ್ಡಿ, ಗುತ್ತಿಗೆ ಎಲ್ಲ 393ರಲ್ಲಿ. ಬಿಲ್ಲಿಂಗ್, ಸಂಬಳದ ಸಾಫ್ಟ್‌ವೇರನ್ನು ಏಪ್ರಿಲ್‌ಗೆ ಮೊದಲು ನವೀಕರಿಸಿ.

ಎಚ್ಚರ ಬೇಕಾದ್ದು ಚಲನಿನಲ್ಲಿ. ‘ಹಣಕಾಸು ವರ್ಷ’, ‘ಕರನಿರ್ಧಾರ ವರ್ಷ’ ಎಂಬ ಎರಡು ಹೆಸರಿನ ಬದಲು ಇನ್ನು ‘ತೆರಿಗೆ ವರ್ಷ’ ಒಂದೇ. 2025-26ರ ಆದಾಯಕ್ಕೆ ನೀವು 2026ರ ಜುಲೈನಲ್ಲಿ ಕಟ್ಟುವ ತೆರಿಗೆ ಹಳೆ ಕಾಯ್ದೆಯದು, ಅದರ ಕರನಿರ್ಧಾರ ವರ್ಷ 2026-27. ಜೂನ್ 15ಕ್ಕೆ ಕಟ್ಟುವ ಮುಂಗಡ ತೆರಿಗೆ ಹೊಸ ಕಾಯ್ದೆಯದು, ಅದರ ತೆರಿಗೆ ವರ್ಷವೂ 2026-27. ಒಂದೇ ಸಂಖ್ಯೆ, ಎರಡು ಬೇರೆ ವರ್ಷಗಳ ಆದಾಯ. ಸಂಖ್ಯೆ ನೋಡಿ ಒತ್ತಿದರೆ ಹಣ ತಪ್ಪು ವರ್ಷಕ್ಕೆ ಜಮೆಯಾಗುತ್ತದೆ. ಸಂಖ್ಯೆಯ ಹಿಂದಿರುವುದು ‘ಕರನಿರ್ಧಾರ ವರ್ಷ’ವೋ ‘ತೆರಿಗೆ ವರ್ಷ’ವೋ, ಯಾವ ಕಾಯ್ದೆಯ ಹೆಸರಿದೆ ಎಂಬುದನ್ನು ಓದಿ ಆಮೇಲೆ ಮುಂದುವರಿಯಿರಿ. ಸೈಬರ್ ಅಂಗಡಿಯಲ್ಲಿ ಬೇರೆಯವರಿಂದ ಕಟ್ಟಿಸುವವರು ಹಣ ಕೊಡುವ ಮೊದಲು ಆ ಪರದೆಯನ್ನು ತಾವೇ ಒಮ್ಮೆ ನೋಡಬೇಕು.